ಸ್ಕ್ರಾಲ್ ಆಗದ ಲಿಸ್ಟ್, ಉಬ್ಬುತ್ತಲೇ ಹೋಗುವ ಟ್ಯಾಬ್

ಉದ್ದನೆಯ ಮೆಸೇಜ್ ಲಿಸ್ಟ್ ಇರುವ ಒಂದು ವೆಬ್ ಆ್ಯಪ್ ನನ್ನ ಕೈಗೆ ಬಂತು. ಜೊತೆಗೆ ಮೂರು ದೂರುಗಳೂ ಬಂದವು. ಲಿಸ್ಟ್ ಬದಲು ಇಡೀ ಪೇಜೇ ಸ್ಕ್ರಾಲ್ ಆಗುತ್ತದೆ, ಅದೂ ತಡವರಿಸುತ್ತದೆ, ಟ್ಯಾಬ್ ತೆರೆದಿಟ್ಟಷ್ಟೂ ಮೆಮೊರಿ ಏರುತ್ತದೆ. ಫ್ರೇಮ್‌ವರ್ಕ್ ಬದಲಿಸಿಬಿಡೋಣ ಅಂತ ಟೀಮಿನಲ್ಲಿ ಮಾತು ಬಂತು. ಮೊದಲು ಡೆವ್‌ಟೂಲ್ಸ್ (ಬ್ರೌಸರಿನಲ್ಲೇ ಇರುವ, ಪೇಜಿನ ತಪ್ಪು ಹುಡುಕುವ ಸಾಧನ) ತೆರೆಯೋಣ ಅಂದೆ.

ಮೊದಲನೆಯದು ಬೇಗ ಸಿಕ್ಕಿತು. ಲಿಸ್ಟಿಗೆ ಓವರ್‌ಫ್ಲೋ ಆಟೋ (ಜಾಗ ಸಾಲದಿದ್ದರೆ ಒಳಗೇ ಸ್ಕ್ರಾಲ್ ಆಗು ಅನ್ನುವ ಸ್ಟೈಲ್) ಇತ್ತು, ಆದರೆ ಅದನ್ನು ಸುತ್ತಿದ್ದ ಡಿವ್, ಅಂದರೆ ಹೊರಗಿನ ಬಾಕ್ಸ್, ಒಂದು ಫ್ಲೆಕ್ಸ್ ಕಾಲಮ್ಮಿನ (ಬಾಕ್ಸ್‌ಗಳನ್ನು ಮೇಲಿಂದ ಕೆಳಗೆ ಜೋಡಿಸುವ ವಿಧಾನ) ಐಟಂ. ಅಂಥ ಐಟಂನ ಮಿನ್-ಹೈಟ್ (ಕನಿಷ್ಠ ಎತ್ತರ) ನಾವೇನೂ ಕೊಡದಿದ್ದರೆ ಆಟೋ, ಅಂದರೆ ಒಳಗಿನ ಕಂಟೆಂಟ್‌ಗಿಂತ ಚಿಕ್ಕದಾಗುವುದಿಲ್ಲ. ಸುತ್ತಿನ ಡಿವ್ವೇ ಅಷ್ಟುದ್ದ ಬೆಳೆದರೆ ಲಿಸ್ಟ್ ಯಾಕೆ ಸ್ಕ್ರಾಲ್ ಆಗಬೇಕು, ಅಲ್ವಾ? ಆ ಡಿವ್‌ಗೆ ಮಿನ್-ಹೈಟ್ 0 ಕೊಟ್ಟೆ. ಮೊಬೈಲಿನಲ್ಲಿ ಅಡ್ರೆಸ್ ಬಾರ್ ಕೆಳಗಿನ ಇನ್‌ಪುಟ್ ಬಾಕ್ಸನ್ನು ಸ್ಕ್ರೀನಿನಿಂದಾಚೆ ತಳ್ಳುತ್ತಿತ್ತು, ಅಲ್ಲಿ ಎತ್ತರಕ್ಕೆ ಕೊಟ್ಟಿದ್ದ 100ವಿಹೆಚ್ ತೆಗೆದು, ಅಡ್ರೆಸ್ ಬಾರ್ ಬಂದು ಹೋದಂತೆ ಹೊಂದಿಕೊಳ್ಳುವ 100ಡಿವಿಹೆಚ್ ಹಾಕಿದೆ.

ತಡವರಿಕೆಗೆ ಪರ್ಫಾರ್ಮೆನ್ಸ್ ಪ್ಯಾನೆಲ್ ನೋಡಿದೆ. ಸ್ಕ್ರಾಲ್ ಹ್ಯಾಂಡ್ಲರ್ (ಸ್ಕ್ರಾಲ್ ಆದಾಗಲೆಲ್ಲ ಓಡುವ ಕೋಡ್) ಒಂದೊಂದು ಸಾಲಿನ ಆಫ್‌ಸೆಟ್‌ಹೈಟ್ (ಎತ್ತರ) ಓದಿ, ತಕ್ಷಣ ಸ್ಟೈಲ್ ಬರೆದು, ಮತ್ತೆ ಮುಂದಿನ ಸಾಲನ್ನು ಓದುತ್ತಿತ್ತು, ಹೀಗಾಗಿ ಪ್ರತಿ ಓದಿಗೂ ಬ್ರೌಸರ್ ಲೇಔಟನ್ನು (ಯಾವುದು ಎಲ್ಲಿ, ಎಷ್ಟು ದೊಡ್ಡದು ಅನ್ನೋದನ್ನು) ಹೊಸದಾಗಿ ಲೆಕ್ಕ ಹಾಕಬೇಕಾಗುತ್ತಿತ್ತು. 60 ಹರ್ಟ್ಸ್ ಸ್ಕ್ರೀನಿನಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಆ ಕೋಡಿಗೆ ಬೇಕಿದ್ದದ್ದು ಯಾವ ಸಾಲು ಕಣ್ಣಿಗೆ ಬಿದ್ದಿದೆ ಅನ್ನೋದಷ್ಟೇ. ಅದನ್ನು ಬ್ರೌಸರೇ ತಿಳಿಸುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಹಾಕಿ ಹ್ಯಾಂಡ್ಲರನ್ನೇ ಕಿತ್ತು ಬಿಸಾಕಿದೆ.

ಜಾಸ್ತಿ ತಲೆ ತಿಂದಿದ್ದು ಮೆಮೊರಿ. ಒಂದು ಹೀಪ್ ಸ್ನ್ಯಾಪ್‌ಶಾಟ್ (ಆ ಕ್ಷಣ ಮೆಮೊರಿಯಲ್ಲಿ ಏನೇನಿದೆ ಅನ್ನುವ ಪಟ್ಟಿ) ತೆಗೆದು, ಅದೇ ಚಾಟನ್ನು ಹಲವು ಸಲ ತೆರೆದು ಮುಚ್ಚಿ, ಬೇಡದ ಮೆಮೊರಿ ಬಿಡಿಸುವ ಗಾರ್ಬೇಜ್ ಕಲೆಕ್ಷನ್ ಬಟನ್ ಒತ್ತಿ, ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದು ಎರಡನ್ನೂ ಹೋಲಿಸಿದೆ. ಕನ್ಸೋಲನ್ನು ಮೊದಲೇ ಖಾಲಿ ಮಾಡಿಕೊಳ್ಳಿ. ಅಲ್ಲಿ ಪ್ರಿಂಟ್ ಮಾಡಿದ ಆಬ್ಜೆಕ್ಟ್‌ಗಳನ್ನು ಕನ್ಸೋಲೇ ಹಿಡಿದಿಟ್ಟುಕೊಂಡು ಇಲ್ಲದ ಲೀಕ್ (ಬಿಡುಗಡೆಯಾಗದೆ ಉಳಿದ ಮೆಮೊರಿ) ತೋರಿಸುತ್ತದೆ. ಫಿಲ್ಟರಿನಲ್ಲಿ ಡಿಟ್ಯಾಚ್ಡ್ ಅಂತ ಹುಡುಕಿದರೆ ಪೇಜಿನಿಂದ ತೆಗೆದುಹಾಕಿದ ಡಿವ್‌ಗಳು ರಾಶಿ ಬಿದ್ದಿದ್ದವು. ರಿಟೇನರ್ಸ್ (ಅವನ್ನು ಯಾವುದು ಹಿಡಿದಿಟ್ಟಿದೆ ಅನ್ನುವ ಸರಪಳಿ) ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ವಿಂಡೋ ಮೇಲಿನ ರೀಸೈಜ್ ಲಿಸನರ್, ಅಂದರೆ ವಿಂಡೋ ಅಳತೆ ಬದಲಾದಾಗ ಓಡುವ ಫಂಕ್ಷನ್. ಅದನ್ನು ತೆಗೆಯುವ ಸಾಲು ಕೋಡಿನಲ್ಲಿ ಇತ್ತು! ಆದರೆ ಹಾಕುವಾಗಲೂ ತೆಗೆಯುವಾಗಲೂ ಬೈಂಡ್ ಕರೆದಿದ್ದರು. ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ ಕೊಡುತ್ತದೆ, ತೆಗೆಯಲು ಹಾಕಿದ್ದ ಅದೇ ಫಂಕ್ಷನ್ ಬೇಕು, ಹಾಗಾಗಿ ಹಳೆಯದು ಹಾಗೇ ಉಳಿಯುತ್ತದೆ, ಎರರ್ ಕೂಡ ಬರುವುದಿಲ್ಲ. ಅಬಾರ್ಟ್ ಅಂದಾಗ ತಾನೇ ಕಳಚಿಕೊಳ್ಳುವಂತೆ ಅಬಾರ್ಟ್‌ಕಂಟ್ರೋಲರಿನ ಸಿಗ್ನಲ್ ಕೊಟ್ಟು ಲಿಸನರ್ ಹಾಕಿದೆ. ಈಗ ಕಾಂಪೊನೆಂಟ್ ಮುಚ್ಚುವಾಗ ಒಂದು ಅಬಾರ್ಟ್ ಸಾಕು.

ಆಮೇಲೂ ಉಳಿದ ಭಾರ ಲೀಕ್ ಅಲ್ಲ, ಹಳೆಯ ಮೆಸೇಜ್‌ಗಳೆಲ್ಲ ಡಾಮ್‌ನಲ್ಲೇ (ಬ್ರೌಸರ್ ಇಟ್ಟುಕೊಳ್ಳುವ ಪೇಜಿನ ಎಲಿಮೆಂಟ್‌ಗಳ ಮರ) ಕೂತಿದ್ದದ್ದು. ಕಾಣದ ಭಾಗವನ್ನು ಬಿಡಿಸದೆ ಬಿಡುವ ಕಂಟೆಂಟ್-ವಿಸಿಬಿಲಿಟಿ ಆಟೋ ಪೇಂಟ್ ಕೆಲಸ ಉಳಿಸಿತು, ಆದರೆ ಎಲಿಮೆಂಟ್‌ಗಳು ಡಾಮ್‌ನಲ್ಲೇ ಇರುತ್ತವೆ. ಕಾಣುವ ಸಾಲುಗಳನ್ನಷ್ಟೇ ಡಾಮ್‌ನಲ್ಲಿಡುವ ವರ್ಚುವಲ್ ಲಿಸ್ಟ್ ಹಾಕಿದರೆ ಬ್ರೌಸರಿನ ಹುಡುಕಾಟಕ್ಕೆ ಹಳೆಯ ಮೆಸೇಜ್ ಸಿಗುವುದಿಲ್ಲ. ನಮ್ಮ ಆ್ಯಪ್‌ನಲ್ಲೇ ಸರ್ಚ್ ಇದ್ದುದರಿಂದ ಅದನ್ನು ಒಪ್ಪಿಕೊಂಡೆವು. ಮೇಲ್ಗಡೆ ಹಳೆಯ ಮೆಸೇಜ್ ಸೇರಿಸುವಾಗ ಮಾತ್ರ ಸ್ಕ್ರಾಲ್ ಎಗರುತ್ತಿತ್ತು. ಸ್ಕ್ರಾಲ್‌ಟಾಪ್ (ಮೇಲಿಂದ ಎಷ್ಟು ಸ್ಕ್ರಾಲ್ ಆಗಿದೆ ಅನ್ನೋದು) 0 ಇದ್ದಾಗ, ನೋಡುತ್ತಿದ್ದ ಜಾಗ ಅಲುಗದಂತೆ ಹಿಡಿಯುವ ಬ್ರೌಸರಿನ ಸ್ಕ್ರಾಲ್ ಆ್ಯಂಕರಿಂಗ್ ಕೆಲಸ ಮಾಡುವುದಿಲ್ಲ. ಸೇರಿಸುವ ಮುಂಚೆ ಸ್ಕ್ರಾಲ್‌ಹೈಟ್ (ಲಿಸ್ಟಿನ ಒಟ್ಟು ಎತ್ತರ) ಬರೆದಿಟ್ಟುಕೊಂಡು, ಆಮೇಲಿನ ವ್ಯತ್ಯಾಸವನ್ನು ಸ್ಕ್ರಾಲ್‌ಟಾಪ್‌ಗೆ ಕೂಡಿಸಿದೆ. ಬ್ರೌಸರೂ ನನ್ನ ಕೋಡೂ ಎರಡೆರಡು ಸಲ ಸರಿಹೊಂದಿಸದಂತೆ, ಆ ಆ್ಯಂಕರಿಂಗ್ ಆಫ್ ಮಾಡುವ ಓವರ್‌ಫ್ಲೋ-ಆ್ಯಂಕರ್ ನನ್ ಅಂತಲೂ ಹಾಕಿದೆ.