ಚಳಿಗಾಲದಲ್ಲಿ ಮೈಕೈ ಒಡೆಯದಿರಲು

ಕಾಫಿ ಕೊಯ್ಲಿನ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಒಣಗಾಳಿಗೆ ಕೈಕಾಲುಗಳ ಚರ್ಮ ಬಿರಿಯುವುದು ಸಾಮಾನ್ಯವಾದ್ದರಿಂದ, ಗುಂಪಿನ ಸದಸ್ಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ಚಳಿಯಷ್ಟೇ ಪಾಲು ನಮ್ಮ ಸ್ನಾನದ ಅಭ್ಯಾಸಕ್ಕೂ ಇದೆಯೆಂಬುದು ನನ್ನ ಅನಿಸಿಕೆ. ಹಂಡೆಯ ಸುಡುನೀರನ್ನು ಮೈಮೇಲೆ ಸುರಿದುಕೊಳ್ಳುವುದು ಬೆಳಗಿನ ಚಳಿಯಲ್ಲಿ ಹಿತವೆನಿಸಿದರೂ, ಅತಿ ಬಿಸಿನೀರು ಮತ್ತು ಸೋಪು ಸೇರಿ ಚರ್ಮದ ಸಹಜ ಜಿಡ್ಡನ್ನು ತೊಳೆದುಬಿಡುತ್ತವೆ. ಆ ಜಿಡ್ಡು ಹೋದ ಮೇಲೆ ಒಳಗಿನ ತೇವ ಬೇಗ ಆರಿಹೋಗುತ್ತದೆ. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷದೊಳಗೆ ಸ್ನಾನ ಮುಗಿಸಿ, ಸೋಪನ್ನು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ ಬಳಸಿದರೆ ಸಾಕು. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿಕೊಂಡು, ಮೈಯಲ್ಲಿ ಇನ್ನೂ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನೋ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ತೇವವೇ ಉಳಿದಿರುವುದಿಲ್ಲ. (ಮುಂಜಾನೆ ಎಣ್ಣೆ ಶೀಸೆಯಲ್ಲಿ ಗಟ್ಟಿಯಾಗಿದ್ದರೆ, ಸ್ನಾನಕ್ಕೆ ಹೋಗುವ ಮುನ್ನ ಶೀಸೆಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟಿರಿ.)

ಬಿರಿದ ಹಿಮ್ಮಡಿಗೆ ಎಣ್ಣೆಯೊಂದೇ ಸಾಲದು. ರಾತ್ರಿ ಪಾದಗಳನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒರೆಸಿ, ಔಷಧದ ಅಂಗಡಿಯಲ್ಲಿ ಸಿಗುವ ಯೂರಿಯಾ ಅಂಶದ ಕ್ರೀಮನ್ನಾಗಲಿ (ತೋಟಕ್ಕೆ ಹಾಕುವ ಯೂರಿಯಾವನ್ನಲ್ಲ), ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳಬಾರದು. ಅದರಿಂದ ಇನ್ನಷ್ಟು ಒಡೆಯುತ್ತದೆ. ಸಕ್ಕರೆ ಕಾಯಿಲೆಯಿರುವವರು ಹಿಮ್ಮಡಿಯ ಬಿರುಕಿನಲ್ಲಿ ರಕ್ತ ಅಥವಾ ಕೀವು ಕಂಡರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು.