ಮೊದಲು ಹೊಟ್ಟೆ ತಿರುಗಿಸಿ ನೋಡುತ್ತೇನೆ

ಜಪಾನಿನ ನಾಗೋಯಾದ ಓಸು ಕನ್ನೊನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 18 ಮತ್ತು 28ಕ್ಕೆ ಹಳೆ ಸಾಮಾನಿನ ಸಂತೆ ಸೇರುತ್ತದೆ. ಕೆಲಸಕ್ಕೆಂದು ಈ ಊರಿಗೆ ಬಂದ ನಾನು ಒಂದು ರಜೆಯ ದಿನ ಸುಮ್ನೆ ಸುತ್ತಾಡಲು ಹೋದೆ. ವಾಪಸ್ ಬರುವಾಗ ನೆಟ್ಸುಕೆ ಹುಚ್ಚು ಹಿಡಿದಿತ್ತು.

ಕಿಮೋನೋಗೆ ಜೇಬಿಲ್ಲ. ಎಡೋ ಕಾಲದ (1603–1868) ಗಂಡಸರು ತಂಬಾಕಿನ ಚೀಲವನ್ನೋ ಔಷಧಿ ಡಬ್ಬಿಯನ್ನೋ ದಾರಕ್ಕೆ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಪಟ್ಟಿಯ ಮೇಲೆ ಕೂರುವ ಪುಟ್ಟ ಕೆತ್ತನೆಯೇ ನೆಟ್ಸುಕೆ. ನಮ್ಮಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ನೆನಪಾಯಿತು.

ಮೊದಲ ಸಲವೇ ಟೋಪಿ ಬಿತ್ತು. ಜಿಂಕೆ ಕೊಂಬಿನದು ಅಂತ ಕೊಂಡದ್ದನ್ನು ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಪಕ್ಕದಲ್ಲಿ ಅಚ್ಚಿನ ಗೆರೆ, ತಳದಲ್ಲಿ ಎರಡು ಗಾಳಿಗುಳ್ಳೆ. ಅಪ್ಪಟ ಪ್ಲಾಸ್ಟಿಕ್! ನಿಜವಾದ ಕೊಂಬಿನಲ್ಲಿ ಒಳತಿರುಳಿನ ಸಣ್ಣ ಸಣ್ಣ ರಂಧ್ರಗಳು ಎಲ್ಲಾದರೂ ಇಣುಕುತ್ತವೆ. ಕಾದ ಸೂಜಿ ಚುಚ್ಚಿ ನೋಡು ಅನ್ನುವವರಿದ್ದಾರೆ. ಅದು ಅಸಲಿಯಾಗಿದ್ದರೆ ಗಾಯ ಮಾಡಿದಂತಾಯಿತು, ಅಲ್ವಾ?

ಅಂದಿನಿಂದ ಮುಖಕ್ಕಿಂತ ಮೊದಲು ಹೊಟ್ಟೆ ನೋಡುತ್ತೇನೆ. ದಾರದ ತೂತುಗಳಿಗೆ ಹಿಮೊತೊಶಿ ಅಂತಾರೆ. ಎಷ್ಟೋ ನೆಟ್ಸುಕೆಗಳಲ್ಲಿ ಒಂದು ತೂತು ದೊಡ್ಡದು, ಗಂಟು ಅದರೊಳಗೆ ಅಡಗಲಿ ಅಂತ. ವರ್ಷಗಟ್ಟಲೆ ದಾರ ಉಜ್ಜಿದ್ದರೆ ಅಂಚು ನುಣ್ಣಗಾಗಿರುತ್ತದೆ. ಬಟ್ಟೆಗೆ ತಾಗುವ ಉಬ್ಬುಗಳು ಸವೆದು ಹೊಳೆಯುತ್ತವೆ, ಸಂದುಗಳು ಮಂಕಾಗಿಯೇ ಉಳಿಯುತ್ತವೆ. ಕೆಲವು ಕೆತ್ತನೆಗಳಿಗೆ ತೂತೇ ಬೇಡ. ಮಂಗನ ಕಂಕುಳ ಸಂದಿಯಲ್ಲೇ ದಾರ ಹೋಗುತ್ತದೆ.

ಆನೆದಂತದ ಸಹವಾಸ ನನಗೆ ಬೇಡ. 1989ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂತು. ಹಳೆಯದಾದರೂ ಗಡಿ ದಾಟಿಸುವುದು ತಲೆನೋವು, ನಾನೋ ಇವತ್ತಲ್ಲ ನಾಳೆ ಊರಿಗೆ ಹೋಗುವವನು. ನನ್ನ ಪೆಟ್ಟಿಗೆಯಲ್ಲಿ ಬಿದಿರಿನದು, ಕೊಂಬಿನದು, ಅರಗಿನ ಲೇಪದ್ದು ಒಂದೊಂದಿವೆ. ಜಾಸ್ತಿ ಇರುವುದು ತ್ಸುಗೆ ಮರದವು. ಗಟ್ಟಿ ಮರ, ಒತ್ತಾದ ಎಳೆ. ಕೈಯಲ್ಲಿ ಆಡಿದಷ್ಟೂ ಹಳದಿ ಹೋಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಅದರಲ್ಲಿ ಒಂದು, ದೊಡ್ಡ ಯಾತ್ರಾಸ್ಥಳವಾದ ಇಸೆ ಕಡೆಯ ನೆಲಗಪ್ಪೆ. ಜಪಾನಿ ಭಾಷೆಯಲ್ಲಿ 'ಕಾಯೆರು' ಅಂದರೆ ಕಪ್ಪೆಯೂ ಹೌದು, ಮರಳಿ ಬರುವುದೂ ಹೌದು. ಹಾಗಾಗಿ ಇಸೆ ಯಾತ್ರೆಗೆ ಹೋದವರು ಕ್ಷೇಮವಾಗಿ ಮನೆ ಸೇರಲಿ ಅಂತ ಕಪ್ಪೆ ಕೊಳ್ಳುತ್ತಿದ್ದರು. ಅದರ ಬೆನ್ನಿನ ಗುಳ್ಳೆಗಳನ್ನು ಕೆತ್ತಿಲ್ಲ, ಉಬ್ಬಿಸಿದ್ದಾರೆ. ಮೊಂಡು ಉಳಿಯಿಂದ ಮರವನ್ನು ಚುಕ್ಕಿ ಚುಕ್ಕಿಯಾಗಿ ಒತ್ತಬೇಕು. ಸುತ್ತಲಿನ ಮರವನ್ನು ಆ ತಗ್ಗಿನ ಮಟ್ಟಕ್ಕೆ ಹೆರೆಯಬೇಕು. ಆಮೇಲೆ ನೀರು ಕುಡಿಸಿದರೆ ಒತ್ತಿದ ಜಾಗ ಊದಿಕೊಂಡು ಮೇಲೇಳುತ್ತದೆ. ಇದಕ್ಕೆ ಉಕಿಬೊರಿ ಅನ್ನುತ್ತಾರೆ. ಬೆರಳಾಡಿಸಿದರೆ ಮೈ ಜುಮ್ಮೆನ್ನುತ್ತದೆ.

ತಳದಲ್ಲಿ ಮಸನಾವೊ ಅಂತ ಸಹಿ ಇದೆ. ಅದಕ್ಕೆ ಮರುಳಾಗಿ ನಾನು ಕೊಂಡದ್ದಲ್ಲ. ಇಸೆಯಲ್ಲಿ ಆ ಹೆಸರನ್ನು ಕೆತ್ತನೆಗಾರರ ತಲೆಮಾರುಗಳೇ ಬಳಸಿವೆ. ಎರಡು ತೂತುಗಳ ನಡುವಿನ ಮರ ದಾರ ಎಳೆದೆಳೆದು ಕಿತ್ತುಹೋಗಿದೆ. ಯಾರೋ ಪಕ್ಕದಲ್ಲಿ ಸೊಟ್ಟಗೆ ಮೂರನೇ ತೂತು ಕೊರೆದು ಮತ್ತೆ ಕಟ್ಟಿಕೊಂಡಿದ್ದಾರೆ. ಅಂಗಡಿಯವರು ಆ ತೂತು ತೋರಿಸಿ, ಕ್ಷಮೆ ಕೇಳಿ, ಅರ್ಧ ಬೆಲೆಗೆ ಕೊಟ್ಟರು.