ಪೋಲೆಂಡಿನ ದುಂಡು ಮೇಜನ್ನು ತರಗತಿಯಲ್ಲಿ ಹಾಕಿದ್ದು: ನನ್ನ ಅನುಭವ

ನಾನು ಪದವಿ ತರಗತಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. 1989ರ ಪೋಲೆಂಡಿನ ಪಾಠ ಬಂದಾಗ ನೋಟ್ಸ್ ಬರೆಸುವುದನ್ನು ಬಿಟ್ಟಿದ್ದೇನೆ. ಬೆಂಚುಗಳನ್ನು ದುಂಡಾಗಿ ಎಳೆದು ಹಾಕಿ, ಪಾತ್ರ ಹಂಚಿ, ಅಲ್ಲಿನ ಕಮ್ಯುನಿಸ್ಟ್ ಸರ್ಕಾರವೂ ವಿರೋಧಿಗಳೂ ದುಂಡು ಮೇಜಿನ ಸುತ್ತ ಕೂತು ನಡೆಸಿದ ಮಾತುಕತೆಯನ್ನು ಮಕ್ಕಳೇ ನಡೆಸುವ ಹಾಗೆ ಮಾಡುತ್ತೇನೆ. ಬೇರೆ ಮೇಷ್ಟ್ರುಗಳಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡೂ ಕಡೆಯವರ ಕಷ್ಟ ಹೇಳಬೇಕು. 1981ರ ಡಿಸೆಂಬರ್ 13ರಂದು ಸರ್ಕಾರದ ಮುಖ್ಯಸ್ಥ ಜನರಲ್ ಯಾರುಜೆಲ್‌ಸ್ಕಿ ಸೇನಾಡಳಿತ ಹೇರಿದರು. ಸಾಲಿಡಾರಿಟಿ ಕಾರ್ಮಿಕ ಸಂಘದ ನಾಯಕರು ಜೈಲು ಸೇರಿದರು. ಸಂಘ ಮಾತ್ರ ಸಾಯಲಿಲ್ಲ. 1988ರಲ್ಲಿ ಮತ್ತೆ ಮುಷ್ಕರಗಳು ಎದ್ದವು. ದೇಶದ ಮೇಲೆ ಸಾಲ, ಅಂಗಡಿಯಲ್ಲಿ ಸಾಮಾನಿಲ್ಲ. ಸರ್ಕಾರಕ್ಕೆ ಸಂಘವನ್ನು ಮುಗಿಸಲು ಆಗಲಿಲ್ಲ, ಸಂಘಕ್ಕೆ ಸರ್ಕಾರವನ್ನು ಇಳಿಸಲು ಆಗಲಿಲ್ಲ. ಹಾಗಾಗಿ 1989ರ ಫೆಬ್ರವರಿ 6ರಂದು ವಾರ್ಸಾದಲ್ಲಿ ಎಲ್ಲರೂ ಎದುರುಬದುರು ಕೂತರು. ಒಂದು ಕಡೆ ಸಾಲಿಡಾರಿಟಿಯ ನಾಯಕ ಲೆಕ್ ವಲೇಸಾ. ಇನ್ನೊಂದು ಕಡೆ ಗೃಹಮಂತ್ರಿ ಕಿಶ್ಚಾಕ್, ಅಂದರೆ ಸೇನಾಡಳಿತದಲ್ಲಿ ಪೊಲೀಸರು ಯಾರ ಕೈಯಲ್ಲಿದ್ದರೋ ಅವರೇ.

"ಸರ್, ಜೈಲಿಗೆ ಹಾಕಿದವರ ಜೊತೆ ಯಾಕೆ ಕೂರಬೇಕು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಆ ಪ್ರಶ್ನೆ ಕೇಳಿದವರಿಗೇ ವಲೇಸಾ ಪಾತ್ರ ಕೊಡುತ್ತೇನೆ.

ಮಾತುಕತೆ ಏಪ್ರಿಲ್ 5ಕ್ಕೆ ಮುಗಿಯಿತು. ಒಪ್ಪಂದದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಲ್ಲುತ್ತೇನೆ. ಕೆಳಮನೆಯಲ್ಲಿ 460 ಸೀಟು. ಅದರಲ್ಲಿ ನೂರಕ್ಕೆ 65, ಅಂದರೆ 299, ಕಮ್ಯುನಿಸ್ಟರಿಗೂ ಅವರ ಮಿತ್ರರಿಗೂ ಮೀಸಲು. ಉಳಿದ 161ಕ್ಕೆ ಪಕ್ಷಕ್ಕೆ ಸೇರದವರು ಸ್ಪರ್ಧಿಸಬಹುದು. ಹೊಸದಾಗಿ 100 ಸೀಟಿನ ಸೆನೆಟ್, ಅದಕ್ಕೆ ಪೂರ್ತಿ ಮುಕ್ತ ಚುನಾವಣೆ. ಅಧ್ಯಕ್ಷರನ್ನು ಎರಡೂ ಮನೆಯವರು ಸೇರಿ ಆರಿಸುತ್ತಾರೆ. ಸೆನೆಟ್ ತಿರಸ್ಕರಿಸಿದ ಕಾನೂನನ್ನು ಕೆಳಮನೆ ಮತ್ತೆ ಪಾಸು ಮಾಡಬೇಕಾದರೆ ಮೂರನೇ ಎರಡು ಮತ ಬೇಕು.

ಈಗ ಲೆಕ್ಕ ಹಾಕಿ ಅನ್ನುತ್ತೇನೆ. ಎಲ್ಲರೂ ಹಾಜರಿದ್ದರೆ 307 ಬೇಕು. ಸರ್ಕಾರದ ಕಡೆ ಇರುವುದು 299. ಎಂಟು ಕಡಿಮೆ! ಸೋತವರ ಹಾಗೆ ಕಂಡವರ ಕೈಯಲ್ಲಿ ತಡೆಯುವ ಶಕ್ತಿ ಇದೆ ಅನ್ನುವುದು ಮಕ್ಕಳಿಗೆ ಆಗ ಗೊತ್ತಾಗುತ್ತದೆ. ಇದನ್ನು ನಾವು ಹೇಳಿಬಿಡಬಾರದು, ಅವರೇ ಹುಡುಕಬೇಕು.

ಆಮೇಲೆ ಇನ್ನೊಂದು ಪ್ರಶ್ನೆ. ಆ 299 ಜನ ಯಾರು? ಕಮ್ಯುನಿಸ್ಟ್ ಪಕ್ಷಕ್ಕೆ 173, ರೈತರ ಪಕ್ಷಕ್ಕೆ 76, ಡೆಮಾಕ್ರಟಿಕ್ ಪಕ್ಷಕ್ಕೆ 27, ಸರ್ಕಾರಕ್ಕೆ ಒಗ್ಗಿದ ಕ್ಯಾಥೊಲಿಕ್ ಗುಂಪುಗಳಿಗೆ 23. ರೈತರ ಪಕ್ಷ, ಡೆಮಾಕ್ರಟಿಕ್ ಪಕ್ಷ ನಲವತ್ತು ವರ್ಷ ಕಮ್ಯುನಿಸ್ಟರ ಹಿಂದೆ ತಲೆಯಾಡಿಸಿಕೊಂಡು ಬಂದಿದ್ದವು. ಈ ಪಾತ್ರ ತರಗತಿಯಲ್ಲಿ ಯಾರಿಗೂ ಬೇಡ. ನಾನು ಬೇಕೆಂದೇ ಚುರುಕಾದವರಿಗೆ ಕೊಡುತ್ತೇನೆ. 161ಕ್ಕೆ 76, 27 ಕೂಡಿದರೆ 264. ಬಹುಮತಕ್ಕೆ 231 ಸಾಕು, ಅಲ್ವಾ?

ಜೂನ್ 4ರಂದು ಮತದಾನ. ಬೇಡದ ಹೆಸರುಗಳನ್ನು ಹೊಡೆದು ಹಾಕುವುದೇ ಅಲ್ಲಿನ ಮತ ಹಾಕುವ ಕ್ರಮ. ಎರಡು ಸುತ್ತು ಮುಗಿದಾಗ 161ಕ್ಕೆ 161 ಸಾಲಿಡಾರಿಟಿಗೆ, ಸೆನೆಟ್‌ನಲ್ಲಿ 99. ಸರ್ಕಾರದ ಕಡೆಯ 35 ದೊಡ್ಡ ಹೆಸರುಗಳ ಒಂದು ರಾಷ್ಟ್ರೀಯ ಪಟ್ಟಿ ಇತ್ತು. ಅವರಿಗೆ ಎದುರಾಳಿಯೇ ಇಲ್ಲ, ಅರ್ಧಕ್ಕಿಂತ ಜಾಸ್ತಿ ಮತ ಬಂದರೆ ಆಯಿತು. ಅದರಲ್ಲೂ 33 ಜನ ಸೋತರು. ಆ ಸೀಟು ತುಂಬಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ.

ನಾನು ಜಾಸ್ತಿ ಹೊತ್ತು ಕೊಡುವುದು ಇಲ್ಲಿಗೇ. ಆ 33 ಸೀಟು ಖಾಲಿ ಬಿಟ್ಟರೆ 65ರ ಮಾತು ಮುರಿಯುತ್ತದೆ. ತುಂಬಬೇಕಾದರೆ ಮತದಾನ ಆದ ಮೇಲೆ ನಿಯಮ ಬದಲಿಸಬೇಕು. ಸಾಲಿಡಾರಿಟಿ ನಾಯಕರು ಬದಲಾವಣೆಗೆ ಒಪ್ಪಿದರು. ತರಗತಿಯಲ್ಲಿ ಜೋರು ಜಗಳವಾಗುತ್ತದೆ. "ಜನ ಬೇಡ ಅಂದವರನ್ನು ಹಿಂಬಾಗಿಲಿನಿಂದ ಕರೆದ ಹಾಗಾಯಿತು" ಅನ್ನುತ್ತಾರೆ. ಆ ಸೀಟು ತುಂಬಿದ ಎರಡನೇ ಸುತ್ತಿಗೆ ಬಂದ ಮತದಾರರು ನೂರಕ್ಕೆ ಸುಮಾರು 25 ಮಾತ್ರ, ಹಾಗಾಗಿ ಆ ಮಾತಿಗೂ ತೂಕವಿದೆ. ಆದರೂ ಒಪ್ಪಿದ್ದು ಸರಿ ಅಂತಲೇ ನನ್ನ ನಂಬಿಕೆ. ಪೊಲೀಸರು, ಸೈನ್ಯ ಇನ್ನೂ ಆ ಕಡೆಯವರ ಕೈಯಲ್ಲಿತ್ತು. ಅದೇ ಜೂನ್ 4ರಂದು ಬೀಜಿಂಗ್‌ನಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ್ದರು. ಗೆದ್ದವರು ಕೊಟ್ಟ ಮಾತಿಗೆ ನಿಂತಿದ್ದರಿಂದಲೇ ಸೋತವರು ಮೇಜು ಬಿಟ್ಟು ಏಳಲಿಲ್ಲ.

ಜುಲೈ 19ರಂದು ಯಾರುಜೆಲ್‌ಸ್ಕಿ ಒಂದೇ ಮತದ ಅಂತರದಲ್ಲಿ ಅಧ್ಯಕ್ಷರಾದರು. ಸಾಲಿಡಾರಿಟಿಯ ಕೆಲವರು ಬೇಕೆಂದೇ ಕುಲಗೆಟ್ಟ ಮತ ಹಾಕಿ ದಾರಿ ಬಿಟ್ಟರು. ಆಗಸ್ಟ್‌ನಲ್ಲಿ ಕಿಶ್ಚಾಕ್‌ಗೆ ಸರ್ಕಾರ ರಚಿಸಲು ಆಗಲಿಲ್ಲ. ವಲೇಸಾ ಆ ಎರಡು ಸಣ್ಣ ಪಕ್ಷಗಳನ್ನು ಕರೆದರು, ಅವು ಬಂದವು. ಆಗಸ್ಟ್ 24ರಂದು ಸಾಲಿಡಾರಿಟಿಯ ಮಜೋವಿಯೆಟ್‌ಸ್ಕಿ ಪ್ರಧಾನಿಯಾದರು. ಬೇಡದ ಪಾತ್ರ ಸಿಕ್ಕಿತು ಅಂತ ಮುಖ ಊದಿಸಿಕೊಂಡಿದ್ದ ಮಕ್ಕಳು ಈ ಹೊತ್ತಿಗೆ ಎದ್ದು ನಿಂತಿರುತ್ತಾರೆ.

ಹೊಸ ಸರ್ಕಾರದಲ್ಲೂ ಗೃಹ, ರಕ್ಷಣೆ ಖಾತೆಗಳು ಕಮ್ಯುನಿಸ್ಟರಲ್ಲೇ ಉಳಿದವು. 1990ರ ಜುಲೈಯಲ್ಲಿ ಆ ಮಂತ್ರಿಗಳು ಹೋದರು.

ಸಮಯ ಉಳಿದರೆ ಹಂಗೆರಿಯನ್ನೂ ಸೇರಿಸುತ್ತೇನೆ. ಅಲ್ಲೂ 1989ರಲ್ಲೇ ದುಂಡು ಮೇಜು ನಡೆಯಿತು, ಆದರೆ ಮೀಸಲು ಸೀಟು ಇರಲಿಲ್ಲ. 1990ರ ಮಾರ್ಚ್, ಏಪ್ರಿಲ್‌ನಲ್ಲೇ ಪೂರ್ತಿ ಮುಕ್ತ ಚುನಾವಣೆ ಆಯಿತು. ಮೊದಲು ದಾರಿ ತೆಗೆದ ಪೋಲೆಂಡ್ ಮಾತ್ರ ತನ್ನ ಕೆಳಮನೆಗೆ ಅಂಥ ಚುನಾವಣೆ ಮಾಡಲು 1991ರ ಅಕ್ಟೋಬರ್ 27ರವರೆಗೆ ಕಾಯಬೇಕಾಯಿತು. ಯಾಕೆ ಅನ್ನುವುದನ್ನು ಮನೆಗೆ ಬರೆಯಲು ಕೊಡುತ್ತೇನೆ.